ಎಚ್‌ಐವಿ ಮಾತ್ರೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ

ಮಾನ್ಯ ಸಂಪಾದಕರೇ,

ಆಂಟಿಬಯಾಟಿಕ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗಬೇಡಿ, ಅದು ವೈರಸ್ ಮೇಲೆ ಕೆಲಸ ಮಾಡುವುದಿಲ್ಲ ಎಂದಿದ್ದೀರಿ. ದಿನಾ ಬರೆದರೂ ಜಾಸ್ತಿಯಾಗದ ಮಾತು. ಆದರೆ ಅದರ ಬೆನ್ನಿಗೇ, ವೈರಸ್ ಔಷಧಿಗೂ ಬ್ಯಾಕ್ಟೀರಿಯಾಕ್ಕೂ ಸಂಬಂಧವೇ ಇಲ್ಲ ಎಂದಿದ್ದೀರಲ್ಲ, ಅದು ಪೂರ್ತಿ ನಿಜವಲ್ಲ.

ನಾನು ಎಚ್‌ಐವಿ ಇರುವವರಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಔಷಧ ಕೌಂಟರಿನಲ್ಲಿ ಹಲವು ವರ್ಷ ಕೂತವನು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿದಾಗ ಮೊದಲ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಆಗ ನಾವು ಹೆಚ್ಚಾಗಿ ಎಣಿಸಿ ಕೊಡುತ್ತಿದ್ದ ಮಾತ್ರೆಗಳಲ್ಲಿ ಮೂರು ಔಷಧಿ ಸೇರಿದ 'ಝಡ್‌ಎಲ್‌ಎನ್' ಒಂದು. ಅದರಲ್ಲಿನ 'ಝಡ್' ಅಂದರೆ ಝಿಡೋವುಡಿನ್. ಹಳಬರ ಬಾಯಲ್ಲಿ ಎಝಡ್‌ಟಿ.

ಇದರ ಕತೆಯೇ ವಿಚಿತ್ರ. 1964ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೆರೋಮ್ ಹಾರ್ವಿಟ್ಜ್ ಎಂಬ ವಿಜ್ಞಾನಿ ಇದನ್ನು ತಯಾರಿಸಿದ್ದು ಕ್ಯಾನ್ಸರ್‌ಗೆ. ಕ್ಯಾನ್ಸರ್ ಜಗ್ಗಲಿಲ್ಲ, ಔಷಧಿ ಮೂಲೆ ಸೇರಿತು. 1987ರ ಮಾರ್ಚ್‌ನಲ್ಲಿ ಅದೇ ವಸ್ತು ಏಡ್ಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿಯಾಯಿತು. ಅಷ್ಟು ಎಲ್ಲರಿಗೂ ಗೊತ್ತು. ಅದೇ ವರ್ಷ ಬರೋಸ್ ವೆಲ್‌ಕಮ್ ಕಂಪನಿಯ ವಿಜ್ಞಾನಿಗಳು ಇನ್ನೊಂದು ಪ್ರಬಂಧವನ್ನೂ ಪ್ರಕಟಿಸಿದ್ದರು. ಇ.ಕೋಲೈ, ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳೆಲ್ಲ ಎಝಡ್‌ಟಿಗೆ ಸಾಯುತ್ತವೆ ಎಂದು ಅದರಲ್ಲಿತ್ತು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಕ್ಷಯದ ರೋಗಾಣು ಮುಂತಾದವುಗಳ ಮೇಲೆ ಅದರ ಆಟ ನಡೆಯಲಿಲ್ಲ.

ಸಾಯುವುದು ಹೇಗೆ? ಡಿಎನ್‌ಎ ಒಂದು ಮಣಿಸರ ಅಂದುಕೊಳ್ಳಿ. ಜೀವಕೋಶ ಒಂದೊಂದೇ ಮಣಿ ಪೋಣಿಸುತ್ತಾ ಹೋಗುತ್ತದೆ. ಎಝಡ್‌ಟಿ ನೋಡಲು ಥೈಮಿಡಿನ್ ಎಂಬ ಮಣಿಯ ಹಾಗೇ ಇದೆ, ಆದರೆ ತೂತು ಒಂದೇ ಕಡೆ. ದಾರ ಒಳಗೆ ಹೋಗುತ್ತದೆ, ಆಚೆ ಬರುವುದಿಲ್ಲ. ಸರ ಅಲ್ಲಿಗೇ ನಿಲ್ಲುತ್ತದೆ. ಇಂಥ ನಕಲಿ ಮಣಿಗಳಿಗೇ ನ್ಯೂಕ್ಲಿಯೋಸೈಡ್ ಅನಲಾಗ್ ಎನ್ನುವುದು. ತಮಾಷೆ ಏನೆಂದರೆ, ಬಂದ ಮಣಿಯನ್ನು ಹಾಗೇ ಪೋಣಿಸಲು ಆಗುವುದಿಲ್ಲ, ಮೊದಲು ಅದಕ್ಕೆ ಫಾಸ್ಫೇಟ್ ಅಂಟಿಸಬೇಕು. ಆ ಕೆಲಸ ಶುರು ಮಾಡಿಕೊಡುವುದು ಬ್ಯಾಕ್ಟೀರಿಯಾದ್ದೇ ಥೈಮಿಡಿನ್ ಕೈನೇಸ್ ಎಂಬ ಕಿಣ್ವ. ತನ್ನ ಗುಂಡಿ ತಾನೇ ತೋಡಿಕೊಂಡ ಹಾಗೆ.

ತೊಂದರೆಯೂ ಅಲ್ಲೇ ಇದೆ. ಆ ಕಿಣ್ವವನ್ನು ಕಳೆದುಕೊಂಡ ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತದೆ, ಔಷಧಿ ಸುಮ್ನೆ ಬಿದ್ದಿರುತ್ತದೆ. ಅದಕ್ಕೇ ಎಝಡ್‌ಟಿಯನ್ನು ಒಂಟಿಯಾಗಿ ಆಂಟಿಬಯಾಟಿಕ್ ಮಾಡಲು ಆಗದು. ಎಲ್ಲ ನಕಲಿ ಮಣಿಗಳೂ ಬ್ಯಾಕ್ಟೀರಿಯಾಕ್ಕೆ ವಿಷವಲ್ಲ ಎಂಬುದೂ ನಿಜ. ಸರ್ಪಸುತ್ತಿಗೆ ಕೊಡುವ ಎಸಿಕ್ಲೋವಿರ್‌ಗೆ ಫಾಸ್ಫೇಟ್ ಅಂಟಿಸುವುದು ಆ ವೈರಸ್‌ನ ಸ್ವಂತ ಕಿಣ್ವ. ಹಾಗಾಗಿ ಅದರ ಏಟು ವೈರಸ್‌ಗೇ ಹೆಚ್ಚು.

ಮಾತ್ರೆ ಶುರುವಾದ ಮೇಲೆ ಭೇದಿ ನಿಂತಿತು ಸಾರ್ ಎನ್ನುವವರು ಕೌಂಟರಿನ ಮುಂದೆ ಬರುತ್ತಿದ್ದರು. ದೇಹದ ರೋಗನಿರೋಧಕ ಶಕ್ತಿ ಮರಳಿದ್ದೇ ಅದಕ್ಕೆ ಮುಖ್ಯ ಕಾರಣ, ಅದರಲ್ಲಿ ಅನುಮಾನವಿಲ್ಲ. ಆದರೂ ಎಝಡ್‌ಟಿ ತೆಗೆದುಕೊಳ್ಳುತ್ತಿದ್ದವರಲ್ಲಿ ಸಾಲ್ಮೊನೆಲ್ಲಾ ಸೋಂಕು ಮರುಕಳಿಸುವುದು ಕಡಿಮೆ ಎಂದು 1990ರ ದಶಕದಲ್ಲೇ ವೈದ್ಯರು ಬರೆದಿದ್ದರು. ಇನ್ನು 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಔಷಧಿಗಳನ್ನು ನಮ್ಮ ಕರುಳಿನ 40 ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಹಾಕಿ ನೋಡಿದರು. ಬ್ಯಾಕ್ಟೀರಿಯಾಕ್ಕೆಂದು ಮಾಡದ, ಮನುಷ್ಯನ ದೇಹದ ಮೇಲೆ ಕೆಲಸ ಮಾಡುವ ಔಷಧಿಗಳಲ್ಲೂ ಶೇ 24ರಷ್ಟು ಒಂದಲ್ಲ ಒಂದು ಬ್ಯಾಕ್ಟೀರಿಯಾದ ಬೆಳವಣಿಗೆ ತಡೆದವು. ನಾವು ಡಬ್ಬಿಯ ಮೇಲೆ ಹಚ್ಚುವ ಚೀಟಿ ಬ್ಯಾಕ್ಟೀರಿಯಾಕ್ಕೆ ಓದಲು ಬರುವುದಿಲ್ಲ, ಅಲ್ವಾ?

ಈಗ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲಾ, ಇ.ಕೋಲೈ ಹೆಚ್ಚಿನ ಔಷಧಿಗಳಿಗೆ ಬಗ್ಗದೆ ಕೂತಿವೆ. ಕಲ್ಚರ್ ರಿಪೋರ್ಟ್ ತೆಗೆದರೆ ಸಾಲಿಗೆ ಸಾಲು 'ಆರ್', ಅಂದರೆ ಆ ಔಷಧಿಗೆ ಬಗ್ಗುವುದಿಲ್ಲ ಎಂದು. ಕೊನೆಗೆ ಉಳಿಯುವ ಔಷಧಿಗಳಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಒಂದು. ಅದನ್ನು ಉಳಿಸಿಕೊಳ್ಳಲೆಂದೇ 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ಜಾನುವಾರುಗಳಿಗೆ ಅದನ್ನು ಕೊಡಬಾರದೆಂದು ನಿಷೇಧಿಸಿತು. ಇದೇ ಕೊಲಿಸ್ಟಿನ್ ಜೊತೆ ಎಝಡ್‌ಟಿ ಸೇರಿಸಿದರೆ, ಕೊಲಿಸ್ಟಿನ್‌ಗೂ ಬಗ್ಗದ ಇ.ಕೋಲೈ ಸಾಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಆರೋಗ್ಯವಂತ ಸ್ವಯಂಸೇವಕರಿಗೆ ಎರಡನ್ನೂ ಕೊಟ್ಟು, ಅವರ ಮೂತ್ರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಎಷ್ಟು ಬಂತು ಎಂದೂ ಅಳೆದಿದ್ದಾರೆ.

ಆದರೆ ಪೇಟೆಂಟ್ ಮುಗಿದ, ಅಗ್ಗದ ಮಾತ್ರೆಗೆ ದೊಡ್ಡ ಪ್ರಯೋಗ ನಡೆಸಲು ಯಾವ ಕಂಪನಿ ದುಡ್ಡು ಹಾಕೀತು? ನಮ್ಮ ದೇಶದಲ್ಲಿ 1990ರ ದಶಕದಿಂದಲೇ ಇದು ತಯಾರಾಗುತ್ತಿದೆ. ಎಚ್‌ಐವಿ ಚಿಕಿತ್ಸೆಯಲ್ಲಿ ಈಗ ಟಿಎಲ್‌ಡಿ ಎಂಬ ಹೊಸ ಮಾತ್ರೆ ಬಂದು ಎಝಡ್‌ಟಿ ಬಹುಪಾಲು ಹಿಂದೆ ಸರಿದಿದೆ. ಐಸಿಎಂಆರ್‌ನಂಥ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆಯೇ ಆಸ್ಪತ್ರೆಗಳಲ್ಲಿ ಈ ಜೋಡಿಯನ್ನು ಪರೀಕ್ಷೆಗೆ ಒಡ್ಡಬೇಕು. ನಿಮ್ಮ ವಿಜ್ಞಾನ ಪುಟ ಇದನ್ನು ಕೇಳಲಿ ಎಂಬುದು ನನ್ನ ಆಸೆ.

ಈ ಪತ್ರ ಓದಿದವರಲ್ಲಿ ಒಂದು ಮಾತು. ಮನೆಯಲ್ಲಿ ಹಳೆ ಝಡ್‌ಎಲ್‌ಎನ್ ಡಬ್ಬಿ ಉಳಿದಿದ್ದರೆ ಉರಿಮೂತ್ರಕ್ಕೋ ಭೇದಿಗೋ ಎಂದು ನುಂಗಬೇಡಿ. ಎಝಡ್‌ಟಿ ರಕ್ತಹೀನತೆ ತರುತ್ತದೆ. ಅದರಿಂದ ಹಿಮೋಗ್ಲೋಬಿನ್ ಇಳಿದು ಮಾತ್ರೆ ಬದಲಾಯಿಸಬೇಕಾಗಿ ಬಂದವರನ್ನು ನಾನೇ ನೋಡಿದ್ದೇನೆ. ಡಬ್ಬಿಯನ್ನು ಎಆರ್‌ಟಿ ಕೇಂದ್ರಕ್ಕೇ ವಾಪಸ್ ಕೊಡಿ.

– ನಿವೃತ್ತ ಫಾರ್ಮಸಿಸ್ಟ್, ದಾವಣಗೆರೆ