ಶನಿವಾರದ ಆಟ: ನನ್ನ ತಪ್ಪು

ಗೆಳೆಯರೇ, ಶನಿವಾರ ಪಣಜಿಯಲ್ಲಿ ಕಡ್ಡಾಯ ಆರಂಭದ ಪಣ 50–100 ರೂಪಾಯಿ ಇರುವ ಪೋಕರ್ ಮೇಜಿಗೆ ಕುಳಿತಿದ್ದೆ. ಸೋತದ್ದಕ್ಕಿಂತ ಸೋತ ರೀತಿ ಹೆಚ್ಚು ಕಾಡುತ್ತಿದೆ. ಕೈಯಲ್ಲಿ ಆಟೀನಿನ ಏಳು, ಎಂಟು. ಮೇಜಿನ ಮೇಲೆ ಐದರಲ್ಲಿ ನಾಲ್ಕನೆಯ ಎಲೆ ಬಿದ್ದ ಮೇಲೂ ಫ್ಲಶ್‌ಗೆ, ಅಂದರೆ ಒಂದೇ ಜಾತಿಯ ಐದು ಎಲೆ ಸೇರಲು, ಇನ್ನೊಂದು ಆಟೀನು ಬೇಕಿತ್ತು. ಪಾಟ್‌ನಲ್ಲಿ, ಅಂದರೆ ಎಲ್ಲರ ಪಣ ಸೇರಿದ ರಾಶಿಯಲ್ಲಿ, 3,000 ಇತ್ತು. ಎದುರಿನ ಹಿರಿಯರು ತಮ್ಮಲ್ಲಿ ಉಳಿದಿದ್ದ 2,000 ಪೂರ್ತಿ ಮುಂದಿಟ್ಟರು. ಸಂಜೆಯಿಂದ ಅವರು ಒಮ್ಮೆಯೂ ಬ್ಲಫ್ ಮಾಡಿರಲಿಲ್ಲ, ಅಂದರೆ ಕೆಟ್ಟ ಎಲೆಯಿಟ್ಟುಕೊಂಡು ಪಣ ಏರಿಸಿ ಹೆದರಿಸಿರಲಿಲ್ಲ, ಅದನ್ನು ಗಮನಿಸಿಯೂ ಇದ್ದೆ. ಕಾಣದ 46 ಎಲೆಗಳಲ್ಲಿ ನನಗೆ ಒದಗುವ ಆಟೀನು 9 ಮಾತ್ರ, ನೂರಕ್ಕೆ ಇಪ್ಪತ್ತೂ ಇಲ್ಲ. 5,000 ಗೆಲ್ಲಲು 2,000 ಹಾಕಬೇಕಾದ ಆ ಪಣದಲ್ಲಿ ನಷ್ಟವಾಗದಿರಲು ನೂರಕ್ಕೆ ಸುಮಾರು 29 ಬೇಕು. ಲೆಕ್ಕ ಗೊತ್ತಿದ್ದೂ ಹಣ ಹಾಕಿದೆ. ಹಿಂದಿನ ಕೈ ಸೋತ ಸಿಟ್ಟಿನಲ್ಲಿ ಬೆರಳುಗಳು ಚಿಪ್‌ಗಳನ್ನು ಕಲೆಸುತ್ತಲೇ ಇದ್ದವು. ಆಗಲೇ ಎದ್ದು ಹೊರಗೆ ಹೋಗಬೇಕಿತ್ತು. ಮುಂದಿನ ಸಲ ಜೊತೆಗೆ ಬರುವವರು ದಯವಿಟ್ಟು ನನ್ನನ್ನು ಎಬ್ಬಿಸಿ. ನೀವೂ ತಪ್ಪಾಡಿದ ಒಂದೊಂದು ಕೈಯನ್ನು ಬುಧವಾರದೊಳಗೆ ಇಲ್ಲಿ ಬರೆಯಿರಿ.