‘ನಾನೇ ನೋಡಿಕೊಳ್ತೇನೆ’ ಎಂದ ಮಗಳಿಗೆ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಎಂದುಕೊಂಡೆ. ಮಾಡಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅರ್ಧಕ್ಕೆ ಬಿಡದೆ ಓದು.

ನರ್ಸ್ ಕೆಲಸಕ್ಕೆ ಜರ್ಮನಿಗೆ ಹೋಗಲು ನೀನು ಬರೆಯುತ್ತಿರುವ ಜರ್ಮನ್ ಪರೀಕ್ಷೆಯಲ್ಲಿ ಮಾತಾಡುವ ಭಾಗ ಈ ಸಲವೂ ಪಾಸಾಗಲಿಲ್ಲ ಎಂದು ಭಾನುವಾರ ಚರ್ಚಿನ ಸಭೆಯಲ್ಲಿ ಪ್ರಾರ್ಥನೆಗೆ ಕೊಟ್ಟೆ. ನಿನ್ನನ್ನು ಕೇಳದೆ ಕೊಟ್ಟೆ. ನಿನಗೆ ಅದರಿಂದ ನೋವಾಯಿತು, ಆ ನೋವಿಗೆ ಕ್ಷಮಿಸು ಮಗಾ. ಆದರೆ ಪ್ರಾರ್ಥನೆ ಮಾಡಿ ಎಂದು ಕೇಳಿದ್ದಕ್ಕೆ ಕ್ಷಮೆ ಕೇಳಲು ನನ್ನಿಂದ ಆಗುವುದಿಲ್ಲ. “ನನ್ನ ವಿಷಯ ನಾನೇ ನೋಡಿಕೊಳ್ತೇನೆ, ಯಾರ ಪ್ರಾರ್ಥನೆಯೂ ಬೇಡ” ಅಂದೆಯಲ್ಲ, ಆ ಮಾತು ತಲೆಯಿಂದ ಹೋಗುತ್ತಿಲ್ಲ. ಇದೇ ದನಿಯನ್ನು ಈ ಮನೆಯಲ್ಲಿ ಮೊದಲೂ ಕೇಳಿದ್ದೇನೆ.

ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ತೋಡಿದ ಮನೆ ಹಿಂದಿನ ಸುರಂಗ ಬತ್ತಿ ಹೋದದ್ದು ಎಂದು ನೀನು ತಿಳಿದಿದ್ದೀಯ. ಬಾವಲಿಗಳ ಜಾಗ ಎಂದು ಅತ್ತ ಹೋಗುತ್ತಲೂ ಇರಲಿಲ್ಲ. ಅದು ಬತ್ತಿದ್ದಲ್ಲ. ಅದರಲ್ಲಿ ನೀರು ಬರಲೇ ಇಲ್ಲ.

ನೀನು ಆಗ ತೊಟ್ಟಿಲಲ್ಲಿದ್ದೆ. ಕೇರಳಕ್ಕೆ ಸೇರಿದ ಕಾಸರಗೋಡಿನ ನಮ್ಮ ಬಾಯಾರು ಊರಿನ ಕಥೆ ಗೊತ್ತಲ್ಲ, ಮಳೆಗಾಲದಲ್ಲಿ ಎಷ್ಟೇ ಸುರಿದರೂ ಮುರಕಲ್ಲಿನ ಗುಡ್ಡದಲ್ಲಿ ನಿಲ್ಲುವುದಿಲ್ಲ. ಮಾರ್ಚ್ ಬಂದರೆ ಕೊಡ ಹಿಡಿದು ನಡೆಯಬೇಕು. ಹುತ್ತ ನೋಡಿ, ಮರ ನೋಡಿ, ಅಪ್ಪ ತಾವೇ ಜಾಗ ಗುರುತು ಮಾಡಿದರು. ಸುರಂಗ ತೋಡುವ ಅನುಭವಸ್ಥರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಯಾರನ್ನೂ ಕರೆಯಲಿಲ್ಲ. ಒಳಗೆ ಅವರು ಪಿಕ್ಕಾಸಿನಲ್ಲಿ ಅಗೆಯುವುದು, ನಾನು ಬುಟ್ಟಿಯಲ್ಲಿ ಮಣ್ಣು ಹೊರಗೆ ತರುವುದು. ಒಬ್ಬರು ಹೋಗುವಷ್ಟೇ ಅಗಲ. ಒಳಗೆ ಮೇಣದಬತ್ತಿ ಉರಿಯುತ್ತಿರಬೇಕು. ಬೆಳಕಿಗೆ ಮಾತ್ರ ಅಲ್ಲ, ಬತ್ತಿ ಸಣ್ಣಗಾದರೆ ಗಾಳಿ ಕಡಿಮೆಯಾಯಿತು ಎಂದು ತಿಳಿಯುವುದಕ್ಕೆ. ಸಣ್ಣಗಾಯಿತೋ, ಹೊರಗೆ ಬರಬೇಕು. ಸುರಂಗ ತೋಡುವ ಎಲ್ಲರಿಗೂ ಗೊತ್ತಿರುವ ನಿಯಮ.

ಆ ದಿನ ಬತ್ತಿ ಸಣ್ಣಗಾದದ್ದು ನನಗೂ ಕಂಡಿತು. ಬನ್ನಿ ಎಂದು ಕರೆದೆ. “ಇನ್ನೊಂದು ಕೋಲು, ನಾನು ನೋಡಿಕೊಳ್ತೇನೆ” ಅಂದರು. ಒಂದು ಕೋಲು ಎಂದರೆ ಎರಡೂವರೆ ಅಡಿ. ಅಷ್ಟಕ್ಕಾಗಿ! ಮತ್ತೆ ಕರೆದೆ. ಉತ್ತರ ಬಂತು, ದನಿ ಎಳೆದ ಹಾಗಿತ್ತು. ಆಮೇಲೆ ಬತ್ತಿ ಆರಿತು. ಪಿಕ್ಕಾಸಿನ ಶಬ್ದ ಮಾತ್ರ ಕೇಳುತ್ತಿತ್ತು. ಕತ್ತಲಲ್ಲೂ ಅಗೆಯುತ್ತಿದ್ದರು ಮಗಾ. ನಾನು ಕಿರುಚಿದ್ದಕ್ಕೆ ತೆವಳಿಕೊಂಡು ಹೊರಗೆ ಬಂದರು. ಅಂಗಳದಲ್ಲಿ ಮಲಗಿದರು, ತುಂಬಾ ಹೊತ್ತು ಮಾತಿಲ್ಲ. ಬಾಯಿ ತೆರೆದಾಗ ಹೇಳಿದ್ದು ಇಷ್ಟೇ: “ನಾಳೆ ಮೇಲಿನ ಮನೆ ಭಟ್ರ ಹತ್ತಿರ ಹೋಗುತ್ತೇನೆ.”

ಬೇಡ ಎಂದವಳು ನಾನು. ಬೇರೆಯವರ ನೀರಿನ ಹಂಗು ನಮಗೆ ಯಾಕೆ ಅಂದೆ. ಅವರು ಹೋದರು. ಭಟ್ರು “ಹರಿದು ಹೋಗುವ ನೀರು, ನಿಮಗೂ ಬರಲಿ” ಅಂದರಂತೆ. ಇಂದಿಗೂ ನಮ್ಮ ಟಾಂಕಿಗೆ ಬೀಳುವುದು ಅವರ ಸುರಂಗದ ನೀರೇ. ನೀನು ಅದನ್ನೇ ಕುಡಿದು ಬೆಳೆದೆ.

ಅಪ್ಪ ಅಂದಿನಿಂದ ಬೇರೆಯೇ ಮನುಷ್ಯ. ದುಡಿಮೆ ಕಡಿಮೆ ಮಾಡಲಿಲ್ಲ. ಆದರೆ ಬೆಳಿಗ್ಗೆ ತೋಟಕ್ಕೆ ಇಳಿಯುವ ಮೊದಲು ಮೊಣಕಾಲೂರಿ “ಕರ್ತನೇ, ಇವತ್ತಿನದ್ದು ನಿನ್ನ ಕೈಯಲ್ಲಿ” ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಆಮೆನ್ ಹೇಳುತ್ತಿದ್ದೆ, ಮನಸ್ಸಿನಲ್ಲಿ ಇವತ್ತಿನ ಕೆಲಸಗಳ ಪಟ್ಟಿ.

ಅಪ್ಪ ತೀರಿಕೊಂಡ ವರ್ಷದ್ದು ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ ಒಂದನ್ನು ಮಾತ್ರ ಹೇಳುತ್ತೇನೆ. ನೀನು ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಆಫೀಸಿನ ಅರ್ಜಿಗಳೆಲ್ಲ ಮಲಯಾಳದಲ್ಲಿ. ಯಾರನ್ನೂ ಕೇಳಬಾರದು ಎಂದು ಹಟ ಹಿಡಿದು, ರಾತ್ರಿ ಕುಳಿತು ಮಲಯಾಳ ಓದಲು ಕಲಿತೆ. ಕೊಳೆರೋಗಕ್ಕೆ ಮದ್ದು ಬಿಡಿಸುವುದು, ಅಡಿಕೆ ಮಾರುವುದು, ಶಾಲೆಯ ಪಾಠ, ಎಲ್ಲವೂ ನಾನೇ. ಒಂದು ದಿನ ಜ್ವರ ಬಂದು ಎದ್ದು ನಿಲ್ಲಲು ಆಗಲಿಲ್ಲ. ಸಭೆಯ ಹೆಂಗಸರು ಬಂದು ನಮ್ಮ ಒಲೆಯಲ್ಲಿ ಗಂಜಿ ಬೇಯಿಸಿದರು, ನನ್ನ ಬಟ್ಟೆ ಒಗೆದರು. ಬೇಡ ಎನ್ನಲೂ ಶಕ್ತಿ ಇರಲಿಲ್ಲ. ಆ ರಾತ್ರಿ ಮೊದಲ ಬಾರಿಗೆ ದೇವರಿಗೆ “ನನ್ನಿಂದ ಆಗುವುದಿಲ್ಲ” ಎಂದು ಹೇಳಿದೆ. ಅಲ್ಲಿಯವರೆಗೆ ನಾನು ಮಾಡುವ ಕೆಲಸಕ್ಕೆ ಆಶೀರ್ವಾದ ಕೇಳುತ್ತಿದ್ದೆ ಅಷ್ಟೇ. ಭಯ ಹೋಯಿತು ಎಂದು ಸುಳ್ಳು ಹೇಳುವುದಿಲ್ಲ, ಈಗಲೂ ಇದೆ. ಆದರೆ ನಿದ್ದೆ ಬರತೊಡಗಿತು.

ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರ ತೆಗೆದು ನೋಡು, ಮೊದಲನೆಯ ಅಧ್ಯಾಯ, 8ರಿಂದ 11ನೆಯ ವಚನ. ಆಸ್ಯಸೀಮೆಯಲ್ಲಿ ಬಲಕ್ಕೆ ಮೀರಿದ ಭಾರ ಬಿತ್ತು, ಬದುಕುವ ಆಸೆಯೂ ಹೋಗಿತ್ತು ಎನ್ನುತ್ತಾನೆ. ಯಾಕೆ ಹಾಗಾಯಿತು? ನಮ್ಮ ಮೇಲೆ ನಾವು ಭರವಸೆ ಇಡದೆ, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಇಡಲಿ ಎಂದು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದ್ದನ್ನು ಓದು. ನೀವೂ ಪ್ರಾರ್ಥನೆ ಮಾಡಿ ನಮಗೆ ಸಹಾಯ ಮಾಡಿ ಎಂದು ಕೇಳುತ್ತಾನೆ. ಅಷ್ಟು ದೊಡ್ಡ ಅಪೊಸ್ತಲ, ತಾನು ಕುಸಿದದ್ದನ್ನು ಇಡೀ ಸಭೆಗೆ ಬರೆದು ತಿಳಿಸಿದ. ದೇವರನ್ನು ನಂಬುತ್ತೇನೆ, ಆದರೆ ಯಾರಿಗೂ ತಿಳಿಯಬಾರದು ಎಂದರೆ ಅದು ಪೂರ್ತಿ ನಂಬಿಕೆ ಅಲ್ಲ, ಅಲ್ವಾ? ದೇವರು ಕೊಡುವುದನ್ನು ಜಾಸ್ತಿ ಸಲ ಮನುಷ್ಯರ ಕೈಯಲ್ಲೇ ಕೊಡುತ್ತಾನೆ. ಆ ಕೈ ನಮಗೆ ಬೇಕಾದವರದ್ದೇ ಆಗಬೇಕು ಎಂದೂ ಇಲ್ಲ.

ಓದುವುದನ್ನು ಬಿಟ್ಟು ಸುಮ್ನೆ ಕುಳಿತುಕೋ ಎಂದು ಹೇಳುತ್ತಿಲ್ಲ. ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯನ ಜನ ಪ್ರಾರ್ಥನೆಯನ್ನೂ ಮಾಡಿದರು, ಹಗಲೂ ರಾತ್ರಿ ಕಾವಲನ್ನೂ ಇಟ್ಟರು. ಎರಡೂ ಬೇಕು. ನೀನು ದಿನಾ ಜೋರಾಗಿ ಓದು, ತಪ್ಪು ಜರ್ಮನ್ ಆದರೂ ಮಾತಾಡು, ಜೊತೆಯ ಹುಡುಗಿಯರ ಹತ್ತಿರ ತಿದ್ದಿಸಿಕೋ. ನಾಚಿಕೆ ಬೇಡ. ಜರ್ಮನಿಯಿಂದ ಬಂದ ಕಿಟ್ಟೆಲ್ ಪಾದ್ರಿಗಳು 1853ರಲ್ಲಿ ಈ ದೇಶಕ್ಕೆ ಕಾಲಿಟ್ಟವರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅದೂ ಒಬ್ಬರೇ ಕುಳಿತು ಮಾಡಿದ್ದಲ್ಲ. ಇಲ್ಲಿನ ಪಂಡಿತರನ್ನು ಕೇಳಿ ಕೇಳಿ ಮಾಡಿದರು. ಅವರಿಗೆ ನಮ್ಮ ಭಾಷೆಯನ್ನು ಕೊಟ್ಟ ದೇವರು ನಿನಗೆ ಅವರದ್ದನ್ನು ಕೊಡಲಾರನೇ?

ನೀನು ಪಾಸಾಗುತ್ತೀಯ. ಅದರಲ್ಲಿ ನನಗೆ ಸಂಶಯ ಇಲ್ಲ. ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ನರ್ಸ್ ಆದವಳು ನೀನೇ ಮೊದಲು. ಸಭೆಯಲ್ಲಿ ನಿನ್ನ ಹೆಸರು ಹೇಳುವಾಗಲೂ ನನಗೆ ಹೆಮ್ಮೆಯೇ ಇತ್ತು, ಅದನ್ನು ನಂಬು. ನನ್ನ ಭಯ ಪರೀಕ್ಷೆಯದ್ದಲ್ಲ. ಜರ್ಮನಿಯಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದಂತೆ. ರಾತ್ರಿ ಪಾಳಿ ಮುಗಿಸಿ ರೂಮಿಗೆ ಬರುತ್ತೀಯ. ಜ್ವರ ಬರುತ್ತದೆ, ಯಾರೋ ಏನೋ ಅನ್ನುತ್ತಾರೆ. ಆಗಲೂ ನೀನು ಯಾರಿಗೂ ಹೇಳುವುದಿಲ್ಲ. ನಾನು ಕೇಳಿದರೆ “ಎಲ್ಲ ಸರಿ ಇದೆ ಅಮ್ಮ, ನಾನು ನೋಡಿಕೊಳ್ತೇನೆ” ಅನ್ನುತ್ತೀಯ. ನನಗೆ ಆ ಸುರಂಗದ ಬಾಯಿಯೇ ಕಣ್ಣೆದುರು ಬರುತ್ತದೆ. ಒಳಗೆ ಬತ್ತಿ ಆರಿದೆ, ಪಿಕ್ಕಾಸಿನ ಶಬ್ದ ಮಾತ್ರ ಕೇಳುತ್ತಿದೆ. ಅಪ್ಪನನ್ನು ಕಿರುಚಿ ಕರೆದೆ. ಅಷ್ಟು ದೂರದಲ್ಲಿರುವ ನಿನ್ನನ್ನು ಹೇಗೆ ಕರೆಯಲಿ?

ಅಲ್ಲಿಗೆ ಹೋದ ಮೊದಲ ವಾರವೇ ಒಂದು ಸಭೆಯನ್ನು ಹುಡುಕು. ಭಾಷೆ ಅರ್ಥವಾಗದಿದ್ದರೂ ಹೋಗು. ಒಬ್ಬರಿಗಾದರೂ ನಿನ್ನ ನಿಜವಾದ ಸ್ಥಿತಿ ಗೊತ್ತಿರಲಿ. ಪ್ರಾರ್ಥನೆ ಮಾಡುವಾಗ ಪಾಸು ಮಾಡು ಎಂಬುದಕ್ಕಿಂತ ಮೊದಲು, ಸಾಕಾಗಿದೆ, ಹೆದರಿಕೆ ಆಗುತ್ತಿದೆ ಎಂದು ಇದ್ದದ್ದನ್ನು ಹೇಳು. ಕೋಪ ಇದ್ದರೆ ಅದನ್ನೂ ಹೇಳು, ಆತನು ಕೇಳುತ್ತಾನೆ.

ಇನ್ನು ಮುಂದೆ ನಿನ್ನನ್ನು ಕೇಳದೆ ಸಭೆಯಲ್ಲಿ ನಿನ್ನ ವಿಷಯ ಎತ್ತುವುದಿಲ್ಲ. ಮನೆಯಲ್ಲಿ ನಾನು ಮಾಡುವ ಪ್ರಾರ್ಥನೆಗೆ ಮಾತ್ರ ನಿನ್ನ ಒಪ್ಪಿಗೆ ಕೇಳುವುದಿಲ್ಲ.

ಮತ್ತೊಂದು. ಮೇಲಿನ ಮನೆ ಭಟ್ರ ಸೊಸೆ ನಿನ್ನೆ ಬಂದಿದ್ದಳು. ಪರೀಕ್ಷೆಗೆ ಮತ್ತೆ ಫೀಸು ಕಟ್ಟಬೇಕಾಗುತ್ತದೆ ಎಂದು ಅವಳಿಗೆ ಹೇಗೋ ಗೊತ್ತಾಗಿದೆ. ಹಣ ಕೊಟ್ಟು ಹೋದಳು, ನಿನ್ನ ಸಂಬಳ ಶುರುವಾದಾಗ ವಾಪಸ್ ಕೊಡಲಿ ಅಂದಳು. ನಾನು ತೆಗೆದುಕೊಂಡಿದ್ದೇನೆ. ನಾಳೆ ಬ್ಯಾಂಕಿಗೆ ಹೋಗಿ ನಿನ್ನ ಖಾತೆಗೆ ಹಾಕುತ್ತೇನೆ. ವಾಪಸ್ ಕಳುಹಿಸಬೇಡ. ಅವಳಿಗೆ ನೀನೇ ಒಂದು ಫೋನ್ ಮಾಡು.

ನಿನ್ನ
ಅಮ್ಮ