ಗೇಟಿನವರೆಗೆ ಕಾರು ಏಕೆ ಬೇಡ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ.

ಶಾಲೆಯ ಮುಂದಿನ ರಸ್ತೆಯ ಕಾಮಗಾರಿ ಮುಗಿದ ಮೇಲೆ ಆಫೀಸಿಗೆ ಬರುತ್ತಿರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಅದರ ಬಗ್ಗೆಯೇ. ಫುಟ್‌ಪಾತ್ ಅಗಲ ಮಾಡಿ ರಸ್ತೆ ಚಿಕ್ಕದು ಮಾಡಿದ್ದೇಕೆ, ಗೇಟಿನ ಮುಂದೆ ಮಕ್ಕಳನ್ನು ಇಳಿಸಬಾರದೇಕೆ ಎಂದು ಹಲವರು ಸಹಿ ಹಾಕಿದ ಮನವಿಯೂ ಬಂದಿದೆ, ಪೂರ್ತಿ ಓದಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆಯುವುದೇ ಮೇಲೆನಿಸಿತು.

ಶಾಲೆಯವರೇ ಪಾಲಿಕೆಗೆ ಹೇಳಿ ರಸ್ತೆ ಚಿಕ್ಕದು ಮಾಡಿಸಿದರು ಎಂಬ ಮಾತು ಓಡಾಡುತ್ತಿದೆ. ಗೇಟಿನ ಮುಂದೆ ಜೀಬ್ರಾ ಕ್ರಾಸಿಂಗ್ ಬೇಕು, ವಾಹನಗಳ ವೇಗ ತಗ್ಗಿಸಿ ಎಂದು ನಾವು ಅರ್ಜಿ ಕೊಟ್ಟದ್ದು ನಿಜ. ಬೆಂಗಳೂರಿನಲ್ಲಿ ಹಾಗೆ ಕೇಳದ ಶಾಲೆ ಯಾವುದಿದ್ದೀತು? ಆದರೆ ಫುಟ್‌ಪಾತ್ ಎಷ್ಟು ಅಗಲವಿರಬೇಕು, ಕಂಬಗಳು ಎಲ್ಲೆಲ್ಲಿ ಬರಬೇಕು ಎಂದು ತೀರ್ಮಾನಿಸಿದವರು ಪಾಲಿಕೆಯ ಎಂಜಿನಿಯರುಗಳು. ಗೇಟಿನ ಮುಂದೆ ಮಕ್ಕಳನ್ನು ಇಳಿಸುವಂತಿಲ್ಲ ಎಂಬ ನಿಯಮ ಮಾತ್ರ ನಮ್ಮದು. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

'ಇದ್ದ ರಸ್ತೆಯನ್ನೂ ಕಿತ್ತುಕೊಂಡರೆ ಟ್ರಾಫಿಕ್ ಜಾಸ್ತಿಯಾಗುವುದಿಲ್ಲವೇ?' ಎಂದು ಮನವಿಯಲ್ಲಿ ಕೇಳಿದ್ದೀರಿ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ (ಫುಟ್‌ಪಾತ್, ಚರಂಡಿ, ಕೇಬಲ್‌ಗಳನ್ನೆಲ್ಲ ಒಟ್ಟಿಗೇ ಯೋಜಿಸಿ ರಸ್ತೆಯನ್ನು ಹೊಸದಾಗಿ ಮಾಡುವ ಯೋಜನೆ) ಕೆಲಸ ನಡೆಯುವಾಗಲೂ ಜನ ಇದನ್ನೇ ಕೇಳಿದ್ದರು. ಅಲ್ಲಿ ವಾಹನ ಓಡುವ ಲೇನುಗಳನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಉಳಿದ ಜಾಗವನ್ನು ನಡೆಯುವವರಿಗೆ ಬಿಟ್ಟರು. ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟು ಇರುವ ರಸ್ತೆಯಲ್ಲಿ ವಾಹನಗಳು ಸಿಕ್ಕಿಕೊಳ್ಳುವುದು ಇಕ್ಕಟ್ಟಿರುವ ಕಡೆಯೇ ಹೊರತು ಅಗಲವಿದ್ದ ಕಡೆಯಲ್ಲ. ನಮ್ಮ ರಸ್ತೆಯಲ್ಲಿ ಈಗ 'ಹೋಯಿತು' ಎನ್ನುತ್ತಿರುವ ಜಾಗದಲ್ಲಿ ವಾಹನ ಓಡಿದ್ದನ್ನು ನಾನಂತೂ ಕಂಡಿಲ್ಲ. ಅಲ್ಲಿ ಬೆಳಗಿನಿಂದ ಸಂಜೆವರೆಗೆ ಕಾರುಗಳು ನಿಂತಿರುತ್ತಿದ್ದವು. ಮಕ್ಕಳು ಅವನ್ನು ಸುತ್ತುಹಾಕಿಕೊಂಡು ರಸ್ತೆಯ ನಡುವೆಯೇ ನಡೆದು ಬರುತ್ತಿದ್ದರು.

ದೇಶದ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಫುಟ್‌ಪಾತಿನ ಮೇಲೆ ಯಾವ ಅಡ್ಡಿಯೂ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಇರಬೇಕು. ನಮಗೀಗ ಸಿಕ್ಕಿರುವುದು ಅಷ್ಟೇ, ಹೆಚ್ಚೇನಲ್ಲ. ಕ್ರಾಸಿಂಗನ್ನು ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿದ್ದಾರೆ. ಹಾಗಾಗಿ ಮಕ್ಕಳು ರಸ್ತೆಗೆ ಇಳಿಯಬೇಕಿಲ್ಲ, ವಾಹನವೇ ನಿಧಾನಿಸಿ ಮೇಲೆ ಹತ್ತಿ ಇಳಿಯಬೇಕು. 'ಕಾರಿನ ತಳ ತಾಗುತ್ತದೆ' ಎಂದವರಿಗೆ ನನ್ನ ಉತ್ತರ: ನಿಧಾನವಾಗಿ ಬಂದರೆ ತಾಗುವುದಿಲ್ಲ. ನಿಧಾನವೇ ಏಕೆ ಎಂದರೆ, ವೇಗ ಗಂಟೆಗೆ 30ರಿಂದ 60 ಕಿ.ಮೀ.ಗೆ ಏರಿದರೆ ಡಿಕ್ಕಿಯ ಹೊಡೆತದ ಹಿಂದಿರುವ ಚಲನಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಇದು ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಬೋರ್ಡಿನ ಮೇಲೆ ಬಿಡಿಸಿ ತೋರಿಸುವ ಲೆಕ್ಕ.

ಸೈಕಲ್ಲಿಗೆ ಪ್ರತ್ಯೇಕ ಲೇನ್ ಏಕಿಲ್ಲ ಎಂದೂ ಕೆಲವರು ಕೇಳಿದ್ದಾರೆ. ಇಷ್ಟು ಚಿಕ್ಕ ರಸ್ತೆಯಲ್ಲಿ ಬಣ್ಣ ಬಳಿದು ಲೇನ್ ಮಾಡಿದರೆ ಮರುದಿನವೇ ಅದರ ಮೇಲೆ ಕಾರು ನಿಂತಿರುತ್ತದೆ, ನಮ್ಮ ಊರು ನಮಗೆ ಗೊತ್ತಿಲ್ಲವೇ. ಎಲ್ಲ ವಾಹನವೂ ನಿಧಾನವಾಗಿ ಹೋದರೆ ಸೈಕಲ್ ಅದೇ ರಸ್ತೆಯಲ್ಲಿ ಜೊತೆಗೆ ಹೋಗಬಹುದು. ಹೈಸ್ಕೂಲಿನವರಿಗಾಗಿ ಒಳಗೆ ಸೈಕಲ್ ಸ್ಟ್ಯಾಂಡನ್ನೂ ದೊಡ್ಡದು ಮಾಡಿಸಿದ್ದೇವೆ. ಈ ಮಾತಿಗೆ ಸೇರಿದಂತೆ ಇನ್ನೊಂದು: ಪಕ್ಕದ ಕ್ರಾಸಿನಲ್ಲಿ ಸ್ಕೂಟರ್ ನಿಲ್ಲಿಸಿ ಯೂನಿಫಾರ್ಮಿನಲ್ಲಿ ನಡೆದು ಬರುವ ಮಕ್ಕಳು ಯಾರು ಎಂದು ನಮಗೆ ಗೊತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ ಬೀಳುವುದು ಪೋಷಕರಿಗೆ, ಜೈಲು ಶಿಕ್ಷೆಗೂ ಅವಕಾಶವಿದೆ. ಕಾನೂನು ಹಾಗಿರಲಿ, ಗಾಡಿಯ ಕೀ ಮನೆಯಲ್ಲೇ ಇರಲಿ.

ಈಗ ಗೇಟಿನ ವಿಷಯ. ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ತಾಯಿ-ತಂದೆ ಇಬ್ಬರೂ ಕೆಲಸಕ್ಕೆ ಹೊರಟಿರುತ್ತೀರಿ, ಆಫೀಸಿನಲ್ಲಿ ಪಂಚಿಂಗ್ ಸಮಯ ಕಾಯುವುದಿಲ್ಲ, ಬ್ಯಾಗಿನ ಭಾರವೂ ಕಡಿಮೆಯಿಲ್ಲ. ಎಲ್ಲವೂ ನಿಜ. ಆದರೂ ಬೆಳಿಗ್ಗೆ ಬೆಲ್ಲಿಗೆ ಹತ್ತು ನಿಮಿಷ ಇರುವಾಗ ಒಮ್ಮೆ ಗೇಟಿನ ಬಳಿ ನಿಂತು ನೋಡಿ. ಮೊದಲ ಸಾಲಿನಲ್ಲಿ ಜಾಗವಿಲ್ಲವೆಂದು ಎರಡನೇ ಸಾಲಿನಲ್ಲಿ ಕಾರು ನಿಲ್ಲುತ್ತದೆ. ಎಡಬಾಗಿಲು ತೆರೆಯಲು ಸ್ಥಳವಿಲ್ಲ, ಬಲಬಾಗಿಲು ರಸ್ತೆಯ ಕಡೆಗೇ ತೆರೆದುಕೊಳ್ಳುತ್ತದೆ. ಹಿಂದಿನಿಂದ ಬಂದ ಸೈಕಲ್ ಹುಡುಗ ಸರಕ್ಕನೆ ಪಕ್ಕಕ್ಕೆ ತಿರುಗಿಸುತ್ತಾನೆ. ಇಳಿದ ಮಗುವಿನ ನೀರಿನ ಬಾಟಲಿ ಜಾರಿ ಕಾರಿನ ಕೆಳಗೆ ಉರುಳುತ್ತದೆ, ಮಗು ಬಗ್ಗುತ್ತದೆ. ಬಗ್ಗಿದ ಮಗು ಹಿಂದಿನ ವ್ಯಾನಿನ ಡ್ರೈವರಿಗೆ ಕಾಣುವುದಿಲ್ಲ. ಅವನು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ.

ಹಾಗಾಗಿ ಕಾರು ಗೇಟಿಗೆ ಬರುವುದು ಬೇಡ, ಮೈದಾನದ ಪಕ್ಕದ ರಸ್ತೆಯಲ್ಲೇ ನಿಲ್ಲಲಿ. ಎರಡು ನಿಮಿಷಕ್ಕೆಂದು ನಿಲ್ಲಿಸುವುದೂ ಬೇಡ. ಎಲ್ಲರೂ ಎರಡೇ ನಿಮಿಷಕ್ಕೆ ನಿಲ್ಲಿಸುವುದರಿಂದಲೇ ಈ ಪಾಡು. ಮಳೆ ಬಂದ ದಿನ ಕೊಡೆ ಹಿಡಿದ ಆಯಾಗಳು ಮೈದಾನದ ಮೂಲೆಯವರೆಗೆ ಬಂದು ಮಕ್ಕಳನ್ನು ಕರೆತರುತ್ತಾರೆ. ಎಲ್‌ಕೆಜಿ, ಯುಕೆಜಿ ಮಕ್ಕಳನ್ನು ಅಜ್ಜಿ-ತಾತಂದಿರು ಕರೆತರುವುದಾದರೆ ಹಿಂದಿನ ಗೇಟು ತೆರೆದಿರುತ್ತದೆ. ನಡೆಯಲು ತೊಂದರೆಯಿರುವ ಮಕ್ಕಳ ವಾಹನಕ್ಕೆ, ಕಾಲಿಗೆ ಪೆಟ್ಟಾಗಿ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಆಫೀಸಿನಲ್ಲಿ ಪಾಸ್ ಕೊಡುತ್ತೇವೆ, ಅವರು ಗೇಟಿನವರೆಗೂ ಬರಬಹುದು. ಇದಕ್ಕಿಂತ ಹೆಚ್ಚು ಸಡಿಲಿಸಲು ನನ್ನಿಂದಾಗದು. ಟ್ರಸ್ಟಿನವರ ಪರಿಚಯವಿದ್ದವರಿಗೂ ಇದೇ ನಿಯಮ. ವಾಚ್‌ಮನ್ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರು ಹೇಳುವುದು ನನ್ನ ಮಾತನ್ನೇ. ಏನಿದ್ದರೂ ನನ್ನ ಬಳಿ ಬನ್ನಿ, ಕುಳಿತು ಮಾತಾಡೋಣ. ಕಾಫಿಯೂ ಸಿಗುತ್ತದೆ, ಗೇಟಿನ ಮುಂದೆ ಪಾರ್ಕಿಂಗ್ ಮಾತ್ರ ಸಿಗುವುದಿಲ್ಲ.

ಸೋಮವಾರದಿಂದ ಮೈದಾನದ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಅಲ್ಲಿಂದ ಮಗುವನ್ನು ನಡೆಸಿಕೊಂಡು ಬನ್ನಿ.

ಓದಿದ್ದಕ್ಕೆ ಡೈರಿಯಲ್ಲಿ ಸಹಿ ಮಾಡಿ ಕಳುಹಿಸಿ. ಮಳೆಗಾಲ ಮುಗಿಯುವವರೆಗೆ ಶೂ ಬದಲು ಚಪ್ಪಲಿ ಹಾಕಿ ಕಳುಹಿಸಬಹುದು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ